ಎಂಜಿನ್ ಚಾಲೂ ಮಾಡಿದೊಡನೆ ರೇಡಿಯೋ ಕಿವುಡು: ಜೀಪಿನಲ್ಲಿ ಎರಡು ಮೀಟರ್ ರಿಗ್

ಪೆರ್ಲದ_ಜೀಪು
ಸಾಕಾಗಿ ಹೋಗಿದೆ. ಐವತ್ತು ವ್ಯಾಟಿನ ಹೊಸ ರಿಗ್ಗನ್ನು, ಅಂದರೆ ಎರಡು ಮೀಟರ್ ಬ್ಯಾಂಡಿನ ಹವ್ಯಾಸಿ (ಹ್ಯಾಮ್) ರೇಡಿಯೋ ಸೆಟ್ಟನ್ನು, ಕಾಸರಗೋಡಿನ ಒಂದು ಕಾರ್ ಆಕ್ಸೆಸರೀಸ್ ಅಂಗಡಿಯಲ್ಲಿ ಜೀಪಿಗೆ ಹಾಕಿಸಿದೆ. ಎಂಜಿನ್ ನಿಲ್ಲಿಸಿದಾಗ ಮಂಗಳೂರಿನ ಹವ್ಯಾಸಿಗಳೆಲ್ಲ ಸ್ಪಷ್ಟವಾಗಿ ಕೇಳುತ್ತಾರೆ. ಚಾಲೂ ಮಾಡಿದೊಡನೆ ಬರೀ ಭುಸ್ ಎಂಬ ಸದ್ದು, ಸಿಗ್ನಲ್ ಇಲ್ಲದಾಗ ಸದ್ದು ಅಡಗಿಸುವ ಸ್ಕ್ವೆಲ್ಚ್ ಮುಚ್ಚುವುದೇ ಇಲ್ಲ. ಬದಿಯಡ್ಕ ದಾಟಿದರೆ ಮನೆಯಲ್ಲಿ ಕುಳಿತ ತಮ್ಮನಿಗೆ ನನ್ನ ಮಾತು ತುಂಡು ತುಂಡಾಗಿ ಕೇಳುತ್ತದೆಯಂತೆ. ಜೀಪಿನಿಂದ ಇಳಿದು ಐದು ವ್ಯಾಟಿನ ಹ್ಯಾಂಡಿಯಲ್ಲಿ (ಕೈರೇಡಿಯೋ) ಮಾತನಾಡಿದರೆ ಅದಕ್ಕಿಂತ ಚೆನ್ನಾಗಿ ಹೋಗುತ್ತದೆ! ಅಳವಡಿಕೆಯೆಲ್ಲ ಸರಿಯಾಗಿಯೇ ಇದೆ. ಸದ್ಯದಲ್ಲೇ ರಾಣಿಪುರಕ್ಕೆ ಹೋಗುವುದಿದೆ. ಆ ಗುಡ್ಡದ ದಾರಿಯಲ್ಲಿ ಮೊಬೈಲ್ ನಂಬಿ ಹೋಗುವಂತಿಲ್ಲ. ಯಾರಾದರೂ ದಾರಿ ತೋರಿಸಿ.

ಹಳೆಯ_ಮೋರ್ಸ್
ಆಲ್ಟರ್ನೇಟರ್. ಬೇರೆ ಏನನ್ನೂ ಹುಡುಕಬೇಡಿ. ಬ್ಯಾಟರಿ ಚಾರ್ಜ್ ಮಾಡುವ ಆ ಯಂತ್ರದೊಳಗಿನ ಒಂದು ಡಯೋಡ್ ಹೋದರೂ ಸಾಕು, ಡಿಸಿ ಲೈನಿನ ಮೇಲೆ ಕೊಳೆ ಸೇರುತ್ತದೆ. ಬ್ಯಾಟರಿಯಿಂದ ನೇರ ವೈರ್ ಎಳೆಯಿರಿ, ನಡುವೆ ಆ ಕೊಳೆ ತಡೆಯುವ ಒಂದು ಚೋಕ್ ಫಿಲ್ಟರ್ ಹಾಕಿ. ಮುಗಿಯಿತು.

ಕುಂಬಳೆ_ಕಡಲು
ಅಣ್ಣ, ಸ್ಪಾರ್ಕ್ ಪ್ಲಗ್ ವೈರುಗಳನ್ನು ನೋಡಿದಿರಾ? ನನ್ನ ಜಿಪ್ಸಿಯಲ್ಲಿ ಇದೇ ತೊಂದರೆ ಇತ್ತು. ರೆಸಿಸ್ಟರ್ ಇರುವ ಪ್ಲಗ್ ಹಾಕಿದ ಮೇಲೆ ಶಾಂತವಾಯಿತು.

ಪೆರ್ಲದ_ಜೀಪು
ಡೀಸೆಲ್ ಗಾಡಿ ಮಾರಾಯರೇ, ಇದರಲ್ಲಿ ಸ್ಪಾರ್ಕ್ ಪ್ಲಗ್ ಎಲ್ಲಿಂದ ಬರಬೇಕು? 2016ರ ಥಾರ್, ಸಿಆರ್‌ಡಿಇ. ಆಕ್ಸಿಲರೇಟರ್ ಒತ್ತಿದರೂ ಬಿಟ್ಟರೂ ಆ ಸದ್ದು ಒಂದೇ ಸಮ ಇರುತ್ತದೆ.

ಹಳೆಯ_ಮೋರ್ಸ್
ಡೀಸೆಲ್ ಆದರೆ ಆಲ್ಟರ್ನೇಟರ್ ಎಂಬುದು ಇನ್ನಷ್ಟು ಖಚಿತ. ಫಿಲ್ಟರ್ ಹಾಕಿ ನೋಡಿ.

ಪಯಸ್ವಿನಿ_ತೀರ
ಮೋರ್ಸ್ ಸರ್, ತಾವು ಹಿರಿಯರು, ಆದರೂ ಒಂದು ಮಾತು. ಆಲ್ಟರ್ನೇಟರಿನ ಕುಂಯ್‌ಗುಡುವಿಕೆ ಎಂಜಿನ್ ವೇಗದ ಜೊತೆಗೇ ಏರಿ ಇಳಿಯುತ್ತದೆ, ಮತ್ತು ಹೆಚ್ಚಾಗಿ ಕಾಣಿಸಿಕೊಳ್ಳುವುದು ನಾವು ಕಳಿಸುವ ಧ್ವನಿಯಲ್ಲಿ. ಇವರು ಹೇಳುತ್ತಿರುವುದು ಏರಿಳಿತವಿಲ್ಲದ ಸದ್ದು. ಅದು ಆಂಟೆನಾದ ಮೂಲಕ ಒಳಗೆ ಬರುತ್ತಿದೆ ಎಂದು ನನಗೆ ಅನಿಸುತ್ತದೆ.

ಪೆರ್ಲದವರೇ, ಆಂಟೆನಾ ಕಳಚಿ ಅಲ್ಲಿ ಡಮ್ಮಿ ಲೋಡ್ (ಆಂಟೆನಾದ ಬದಲು ಕೂರಿಸುವ ರೆಸಿಸ್ಟರ್) ಹಾಕಿ, ಎಂಜಿನ್ ಚಾಲೂ ಇಟ್ಟು ಕೇಳಿ. ಸದ್ದು ಹೋದರೆ ಅದರ ದಾರಿ ಆಂಟೆನಾ. ಉಳಿದರೆ ವಿದ್ಯುತ್ ಲೈನ್. ಐದು ನಿಮಿಷದ ಕೆಲಸ. ಇನ್ನು ರಿಗ್ಗಿಗೆ ವಿದ್ಯುತ್ ಎಲ್ಲಿಂದ ಕೊಟ್ಟಿದ್ದಾರೆ? ಆಂಟೆನಾ ಎಲ್ಲಿದೆ? ಮೇಲ್ಛಾವಣಿ ಯಾವುದು? ಇವಿಷ್ಟು ತಿಳಿಯದೆ ನಾವು ಕತ್ತಲಲ್ಲಿ ತಡಕಾಡುವಂತಾಗಿದೆ.

ಪೆರ್ಲದ_ಜೀಪು
ವಿದ್ಯುತ್ ಸಿಗರೇಟ್ ಲೈಟರ್ ಸಾಕೆಟ್ಟಿನ ಹಿಂದಿನ ವೈರಿನಿಂದ. ಆಂಟೆನಾ ಹಿಂದೆ ಸ್ಟೆಪ್ನಿ ಬ್ರಾಕೆಟ್ಟಿನ ಮೇಲೆ. ಮೇಲೆ ಫೈಬರ್ ಹಾರ್ಡ್‌ಟಾಪ್, ಎಲ್ಲರೂ ಹಾಕಿಸುವಂಥದ್ದೇ. ಇದೆಲ್ಲ ಮುಖ್ಯವೇ?

ಪಯಸ್ವಿನಿ_ತೀರ
ಇದೇ ಮುಖ್ಯ! ಐವತ್ತು ವ್ಯಾಟ್ ಬಿಡುವಾಗ ರಿಗ್ ಹತ್ತು ಹನ್ನೆರಡು ಆಂಪಿಯರ್ ಎಳೆಯುತ್ತದೆ. ಆ ಸಾಕೆಟ್ಟಿನ ತೆಳು ವೈರಿನಲ್ಲಿ ಒಂದು ವೋಲ್ಟಿಗಿಂತ ಹೆಚ್ಚು ಅಲ್ಲೇ ಕರಗಿ ಹೋಗಬಹುದು. ಮಾತನಾಡಲು ಪಿಟಿಟಿ ಗುಂಡಿ ಒತ್ತಿದಾಗ ಡಿಸ್‌ಪ್ಲೇ ಮಂಕಾಗುತ್ತದೆಯೇ ನೋಡಿ. ಬ್ಯಾಟರಿಯಿಂದಲೇ ನಾಲ್ಕು ಚದರ ಮಿಲಿಮೀಟರಿನ ತಾಮ್ರದ ವೈರ್ ಎಳೆದು, ಬ್ಯಾಟರಿಯ ಹತ್ತಿರವೇ 15 ಆಂಪಿಯರ್ ಫ್ಯೂಸ್ ಹಾಕಿ. ಫ್ಯೂಸ್ ರಿಗ್ಗಿನ ಪಕ್ಕದಲ್ಲಿದ್ದರೆ ನಡುವೆ ವೈರ್ ಎಲ್ಲಾದರೂ ಉಜ್ಜಿ ಶಾರ್ಟ್ ಆದಾಗ ಅದರಿಂದ ಉಪಯೋಗವಿಲ್ಲ, ಬೆಂಕಿಯೇ ಗತಿ.

ಹಳೆಯ_ಮೋರ್ಸ್
ಬ್ಯಾಟರಿಯಿಂದ ನೇರ ವೈರ್ ಎಂದು ನಾನು ಮೊದಲೇ ಹೇಳಿದ್ದೆ. ಪಾಸಿಟಿವ್, ನೆಗೆಟಿವ್ ಎರಡೂ ಬ್ಯಾಟರಿಗೇ ಹೋಗಬೇಕು, ಎರಡಕ್ಕೂ ಫ್ಯೂಸ್ ಬೇಕು.

ಉಪ್ಪಳದ_ಗ್ಯಾರೇಜ್
ನೆಗೆಟಿವ್ ಬ್ಯಾಟರಿಗೆ ಬೇಡ. ಈಗಿನ ಅನೇಕ ಗಾಡಿಗಳಲ್ಲಿ ನೆಗೆಟಿವ್ ಟರ್ಮಿನಲ್ಲಿನ ಮೇಲೆ ಬ್ಯಾಟರಿ ಸೆನ್ಸರ್ ಕೂತಿರುತ್ತದೆ. ನೀವು ನೇರ ಟರ್ಮಿನಲ್ಲಿಗೆ ಕಟ್ಟಿದರೆ ರಿಗ್ಗಿನ ಕರೆಂಟ್ ಅದರ ಲೆಕ್ಕಕ್ಕೆ ಸಿಗುವುದಿಲ್ಲ. ಬ್ಯಾಟರಿಯ ಅರ್ಥ್ ಪಟ್ಟಿ ಬಾಡಿಗೆ ಸೇರುವ ಬೋಲ್ಟಿಗೆ ಕೊಡಬೇಕು.

ಹಳೆಯ_ಮೋರ್ಸ್
2016ರ ಥಾರ್‌ಗೆ ಯಾವ ಸೆನ್ಸರ್? ಹೊಸ ಗಾಡಿಯ ನಿಯಮವನ್ನು ಹಳೆಯದಕ್ಕೆ ಹೇರಬೇಡಿ.

ಉಪ್ಪಳದ_ಗ್ಯಾರೇಜ್
ಅಭ್ಯಾಸ ಒಂದೇ ಇರಲಿ ಎಂದು ಹೇಳಿದೆ. ಇನ್ನೂ ಒಂದು ಕಾರಣವಿದೆ. ಅರ್ಥ್ ಪಟ್ಟಿ ಸಡಿಲವಾದರೆ ಸ್ಟಾರ್ಟರಿನ ನೂರಾರು ಆಂಪಿಯರ್ ಕರೆಂಟ್ ನಿಮ್ಮ ರಿಗ್ಗಿನ ತೆಳು ನೆಗೆಟಿವ್ ವೈರಿನಲ್ಲಿ ಹರಿಯಲು ನೋಡುತ್ತದೆ. ಎಂಜಿನ್ ಕಂಪಾರ್ಟ್‌ಮೆಂಟಿನಲ್ಲಿ ಹಾಗೆ ಸುಟ್ಟು ಕರಕಲಾದ ವೈರನ್ನು ಬಿಚ್ಚಿ ತೆಗೆದವನು ನಾನು.

ಹಳೆಯ_ಮೋರ್ಸ್
ಅದಕ್ಕೇ ನೆಗೆಟಿವ್‌ಗೂ ಫ್ಯೂಸ್ ಎಂದದ್ದು!

ಬಾಯಾರು_ಗುಡ್ಡೆ
ವೈರಿನ ಜಗಳದ ನಡುವೆ ನನ್ನದೊಂದು. ಪೊಸಡಿ ಗುಂಪೆಯ ತುದಿಯಿಂದ ಐದು ವ್ಯಾಟಿನಲ್ಲಿ, ಸುತ್ತಿಡುವ ಜೆ-ಪೋಲ್ ಆಂಟೆನಾವನ್ನು ಬಿದಿರಿನ ಗಳಕ್ಕೆ ಕಟ್ಟಿ ಮಂಗಳೂರಿನವರ ಜೊತೆ ಆರಾಮವಾಗಿ ಮಾತನಾಡುತ್ತೇನೆ. ಜೀಪಿನಲ್ಲಿ ಎರಡು ಬ್ಯಾಟರಿ, ನಡುವೆ ಅವನ್ನು ಬೇರ್ಪಡಿಸುವ ಐಸೊಲೇಟರ್, ಬಾನೆಟ್ಟಿನ ಅಂಚಿನಲ್ಲಿ ಆಂಟೆನಾ ಕೂರಿಸುವ ಎನ್‌ಎಂಒ ಮೌಂಟ್, ರಿಗ್ಗಿನ ಮುಖಫಲಕ ಡ್ಯಾಶ್ ಮೇಲೆ, ಬಾಡಿ ಸೀಟಿನ ಕೆಳಗೆ. ಹಿಂದಿನ ಜೀಪಿನ ಗೆಳೆಯರಿಗೆಲ್ಲ ಒಂದೊಂದು ಹ್ಯಾಂಡಿ ಕೊಟ್ಟಿದ್ದೇನೆ, ಸಾಲಾಗಿ ಹೋಗುವಾಗ ಬಹಳ ಅನುಕೂಲ. ಚಿತ್ರ ಬೇಕಿದ್ದರೆ ಹಾಕುತ್ತೇನೆ.

ಕುಂಬಳೆ_ಕಡಲು
ಆ ಗೆಳೆಯರಿಗೆ ಲೈಸೆನ್ಸ್ ಇದೆಯೇ?

ಬಾಯಾರು_ಗುಡ್ಡೆ
ಕಾಡಿನ ದಾರಿಯಲ್ಲಿ ಎಡಕ್ಕೆ ಬಾ, ಬಲಕ್ಕೆ ಬಾ ಎನ್ನಲು ಯಾವ ಲೈಸೆನ್ಸ್?

ಕುಂಬಳೆ_ಕಡಲು
ಎಡ ಬಲ ಎನ್ನಲೂ ಬೇಕು. 144ರಿಂದ 146 ಮೆಗಾಹರ್ಟ್ಸ್, ಅಂದರೆ ಈ ಎರಡು ಮೀಟರ್, ಹವ್ಯಾಸಿಗಳ ಬ್ಯಾಂಡು, ಪರೀಕ್ಷೆ ಬರೆದು ಕರೆಸಂಕೇತ ಪಡೆದವರಿಗೆ. ಗೆಳೆಯರಿಗೆ ಕೊಡಲೇಬೇಕಿದ್ದರೆ 27 ಮೆಗಾಹರ್ಟ್ಸಿನ ಸಿಟಿಜನ್ ಬ್ಯಾಂಡ್ ಇದೆ. 26.957ರಿಂದ 27.283ರವರೆಗೆ, 5 ವ್ಯಾಟ್ ಮೀರದಂತೆ, ಲೈಸೆನ್ಸ್ ಬೇಡ. ಒಬ್ಬರ ಸಡಿಲಿಕೆಯಿಂದ ಎಲ್ಲ ಹ್ಯಾಮ್‌ಗಳ ಹೆಸರು ಕೆಡುತ್ತದೆ. ನೆರೆ ಬಂದಾಗ, ಭೂಕುಸಿತವಾದಾಗ ಇದೇ ಹವ್ಯಾಸಿಗಳನ್ನು ಆಡಳಿತ ಕರೆಯುತ್ತದೆ, ಮರೆಯಬೇಡಿ.

ಪೆರ್ಲದ_ಜೀಪು
ದಯವಿಟ್ಟು ಲೈಸೆನ್ಸಿನ ಚರ್ಚೆಗೆ ಬೇರೆ ಎಳೆ ತೆರೆಯಿರಿ. ಡಮ್ಮಿ ಲೋಡ್ ಹಾಕಿ ನೋಡಿದೆ. ಎಂಜಿನ್ ಓಡುತ್ತಿದ್ದರೂ ಪೂರ್ತಿ ಮೌನ. ಇನ್ನೊಂದು ಸಂಗತಿ: ಎಂಜಿನ್ ಚಾಲೂ ಮಾಡದೆ ಕೀಲಿ ತಿರುಗಿಸಿದರೆ ಸಾಕು, ಆಂಟೆನಾ ಇದ್ದಾಗ ಸದ್ದು ಬರುತ್ತದೆ!

ಪಯಸ್ವಿನಿ_ತೀರ
ಹಾಗಾದರೆ ಆಲ್ಟರ್ನೇಟರಿಗೆ ಇದರಲ್ಲಿ ಪಾತ್ರವಿಲ್ಲ, ಅದು ತಿರುಗುತ್ತಲೇ ಇಲ್ಲವಲ್ಲ. ಕೀಲಿ ತಿರುಗಿಸಿದಾಗ ಜೀವ ಬರುವ ವಸ್ತುಗಳು ಯಾವುವು? ಡ್ಯಾಶ್‌ಕ್ಯಾಮ್, ಯುಎಸ್‌ಬಿ ಚಾರ್ಜರ್, ಎಲ್‌ಇಡಿ ಬಾರ್? ಇವುಗಳೊಳಗೆ 12 ವೋಲ್ಟನ್ನು ಇಳಿಸಲು ಸ್ವಿಚಿಂಗ್ ಸರ್ಕ್ಯೂಟ್ ಇರುತ್ತದೆ. ಅಗ್ಗದವುಗಳಲ್ಲಿ ಶೀಲ್ಡಿಂಗ್ ಇರುವುದಿಲ್ಲ, ವೈರೇ ಆಂಟೆನಾ ಆಗಿ ಎರಡು ಮೀಟರ್ ಬ್ಯಾಂಡಿಗೆ ಉಗುಳುತ್ತದೆ. ಹ್ಯಾಂಡಿಯಲ್ಲಿ ಸ್ಕ್ವೆಲ್ಚ್ ತೆರೆದಿಟ್ಟು ದುರ್ಬಲ ಸಿಗ್ನಲ್ ಒಂದಕ್ಕೆ ಟ್ಯೂನ್ ಮಾಡಿ, ಒಂದೊಂದೇ ಫ್ಯೂಸ್ ಕೀಳುತ್ತಾ ಬನ್ನಿ.

ಹಳೆಯ_ಮೋರ್ಸ್
ಆದರೂ ಆಲ್ಟರ್ನೇಟರಿನ ರೆಗ್ಯುಲೇಟರನ್ನು ಒಮ್ಮೆ ನೋಡಿಸುವುದು ಒಳ್ಳೆಯದು.

ಪೆರ್ಲದ_ಜೀಪು
ಸಿಕ್ಕಿತು! ಡ್ಯಾಶ್‌ಕ್ಯಾಮಿನ ಚಾರ್ಜರ್. ಅದನ್ನು ಎಳೆದ ತಕ್ಷಣ ಭುಸ್ ನಿಂತು ಮಂಗಳೂರು ಕೇಳಿಸಿತು. ಅದರ ವೈರ್ ಹಿಂದಿನ ಕ್ಯಾಮೆರಾಕ್ಕೆ ಹೋಗುವಾಗ ಆಂಟೆನಾ ಕೇಬಲ್ಲಿಗೆ ಅಂಟಿಕೊಂಡೇ ಹೋಗಿದೆ, ಅಂಗಡಿಯವರು ಎರಡನ್ನೂ ಒಂದೇ ಟೈನಲ್ಲಿ ಬಿಗಿದಿದ್ದಾರೆ. ವೈರಿನ ಗದ್ದಲ ತಗ್ಗಿಸುವ ಫೆರೈಟ್ ಕ್ಲಿಪ್ ಹಾಕಿದೆ, ಅರ್ಧ ತಗ್ಗಿತು. ಚಾರ್ಜರನ್ನೇ ಬದಲಿಸುತ್ತೇನೆ. ಬ್ಯಾಟರಿಯಿಂದ ಹೊಸ ವೈರೂ ಎಳೆದಾಯಿತು, ಈಗ ಡಿಸ್‌ಪ್ಲೇ ಮಂಕಾಗುವುದಿಲ್ಲ. ಆದರೆ ನನ್ನ ಮಾತು ಈಗಲೂ ಬದಿಯಡ್ಕದ ಆಚೆ ಹೋಗುತ್ತಿಲ್ಲ.

ಪಯಸ್ವಿನಿ_ತೀರ
ಕಳಿಸುವ ತೊಂದರೆಯೇ ಬೇರೆ. ಕಾಲು ತರಂಗದ ಆಂಟೆನಾ, ಅಂದರೆ ಸುಮಾರು 49 ಸೆಂಟಿಮೀಟರಿನ ಕಡ್ಡಿ, ಅರ್ಧವಷ್ಟೇ ಆಂಟೆನಾ. ಉಳಿದರ್ಧ ಅದರ ಕೆಳಗಿನ ಲೋಹ. ಫೈಬರಿನ ಮೇಲ್ಛಾವಣಿ ರೇಡಿಯೋಗೆ ಇಲ್ಲದಂತೆಯೇ. ಸ್ಟೆಪ್ನಿ ಬ್ರಾಕೆಟ್ಟಿಗೂ ಬಾಡಿಗೂ ನಡುವೆ ಬಣ್ಣ, ರಬ್ಬರ್, ಬಾಗಿಲಿನ ತಿರುಗಣಿ. ಅಲ್ಲಿ ಅರ್ಥ್ ಸಿಗುವುದಿಲ್ಲ. ಎಸ್‌ಡಬ್ಲ್ಯೂಆರ್ ಎಷ್ಟಿದೆ? (ಆಂಟೆನಾದಿಂದ ಶಕ್ತಿ ಎಷ್ಟು ಹಿಂದಿರುಗುತ್ತದೆ ಎಂಬುದರ ಅಳತೆ; 1ಕ್ಕೆ ಹತ್ತಿರ ಇದ್ದಷ್ಟೂ ಒಳ್ಳೆಯದು.)

ಪೆರ್ಲದ_ಜೀಪು
ಕುಂಬಳೆಯವರು ಮೀಟರ್ ತಂದುಕೊಟ್ಟರು. ಮೂರಕ್ಕಿಂತ ಮೇಲೆ. ಅನುಮಾನ ಬಂದು ಆಂಟೆನಾ ಕಡೆಯ ಪಿಎಲ್-259 ಕನೆಕ್ಟರ್ ಬಿಚ್ಚಿದೆವು. ಒಳಗೆಲ್ಲ ಹಸಿರು ಕಿಲುಬು. ಕೇಬಲ್ಲಿನ ಹೊರಪದರ ಸೀಳಿದರೆ ಹೆಣಿಗೆಯ ತಾಮ್ರ ಗೇಣುದ್ದ ಕಪ್ಪಾಗಿತ್ತು, ಬೆರಳಲ್ಲಿ ತಿಕ್ಕಿದರೆ ಪುಡಿಪುಡಿ. ಒಂದೇ ಮಳೆಗಾಲದಲ್ಲಿ ಹೀಗೆ!

ಕುಂಬಳೆ_ಕಡಲು
ನಮ್ಮ ಕರಾವಳಿಯ ಮಳೆಗೆ ಮಾಮೂಲಿ ಇನ್ಸುಲೇಶನ್ ಟೇಪ್ ತಡೆಯುವುದಿಲ್ಲ ಅಣ್ಣ, ಅಂಟು ಜಾರಿ ನೀರು ಹೆಣಿಗೆಯಲ್ಲಿ ಬತ್ತಿಯಂತೆ ಏರುತ್ತದೆ. ತನಗೆ ತಾನೇ ಬೆಸೆಯುವ ರಬ್ಬರ್ ಟೇಪನ್ನು ಎಳೆದು ಸುತ್ತಬೇಕು, ಅದರ ಮೇಲೆ ಪಿವಿಸಿ ಟೇಪ್. ಕೇಬಲ್ಲು ಒಳನುಗ್ಗುವ ಮೊದಲು ಕೆಳಕ್ಕೊಂದು ಬಾಗು ಕೊಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಪಯಸ್ವಿನಿ_ತೀರ
ಹೊಸ ಕೇಬಲ್ಲಿನ ಜೊತೆ ಆಂಟೆನಾವನ್ನೂ ಬದಲಿಸಿ. ಅರ್ಧ ತರಂಗದ್ದಾದರೆ ಕೆಳಗೆ ಲೋಹ ಬೇಕಿಲ್ಲ, ಸ್ಟೆಪ್ನಿಯ ಮೇಲೆಯೇ ನಡೆಯುತ್ತದೆ. ಇಲ್ಲವೆಂದರೆ ಫೈಬರಿನ ಒಳಮೈಗೆ ಒಂದು ಮೀಟರ್ ಚೌಕದ ಅಲ್ಯೂಮಿನಿಯಂ ಹಾಳೆ ಅಂಟಿಸಿ, ನಡುವೆ ರಂಧ್ರ ಕೊರೆದು ಮೌಂಟನ್ನು ಅದಕ್ಕೇ ಬಿಗಿಯಿರಿ. ಏನೇ ಮಾಡಿದರೂ ಆದೂರಿನ ಹೊಳೆ ಬದಿಯ ತಗ್ಗಿನಿಂದ ಪೆರ್ಲಕ್ಕೆ ನೇರ ಮಾತು ಕಷ್ಟ. ಎರಡು ಮೀಟರ್ ತರಂಗ ಗುಡ್ಡವನ್ನು ಕೊರೆದು ಹೋಗುವುದಿಲ್ಲ.

ಪೆರ್ಲದ_ಜೀಪು
ಅರ್ಧ ತರಂಗದ್ದು ಹಾಕಿದೆ. ಎಸ್‌ಡಬ್ಲ್ಯೂಆರ್ 1.4. ಮುಳ್ಳೇರಿಯದಿಂದ ತಮ್ಮನಿಗೆ ಸ್ಪಷ್ಟವಾಗಿ ಕೇಳಿಸಿತು. ಆದರೆ ಇದು ಮೀಟರಿಗಿಂತ ಉದ್ದ, ರಬ್ಬರ್ ತೋಟದ ಕೊಂಬೆಗಳಿಗೆ ತಾಗಿ ಬಾಗುತ್ತಿದೆ. ಅದಕ್ಕೆ ಹಾಳೆ ಅಂಟಿಸುವುದೇ ಸರಿ ಎನಿಸುತ್ತಿದೆ. ಬಿಸಿಲಿಗೆ ಫೈಬರಿನ ಒಳಗೆ ಯಾವ ಅಂಟು ನಿಲ್ಲುತ್ತದೆ?

ಹಳೆಯ_ಮೋರ್ಸ್
ಫೈಬರ್ ತೆಗೆದು ಲೋಹದ ಟಾಪ್ ಹಾಕಿಸಿ.

ಉಪ್ಪಳದ_ಗ್ಯಾರೇಜ್
ಟಾಪ್ ಬದಲಿಸುವ ಖರ್ಚು ಗೊತ್ತೇ ಸರ್? ಅಂಟೂ ಬೇಡ, ಅಂಚಿಗೆ ನಾಲ್ಕು ರಿವೆಟ್ ಹೊಡೆದು ರಬ್ಬರ್ ವಾಷರ್ ಕೊಟ್ಟರೆ ಸಾಕು. ಗಾಡಿ ತನ್ನಿ, ನೋಡೋಣ.

ಮುಳ್ಳೇರಿಯ_ನಲವತ್ತು
ನಮಸ್ಕಾರ, ಹೊಸಬ. ಇದೇ ಥಾರ್‌ನಲ್ಲಿ ಹೆಚ್ಚು ಉದ್ದದ ತರಂಗದ, ನಲವತ್ತು ಮೀಟರ್ ಎಚ್‌ಎಫ್ ಹಾಕುವ ಆಸೆ. ಗುಡ್ಡದ ಅಡ್ಡಿ ಇರುವುದಿಲ್ಲವಲ್ಲ? ಫೈಬರ್ ಟಾಪ್ ಅದಕ್ಕೂ ತೊಂದರೆಯೇ? ನನ್ನದರಲ್ಲೂ ಡ್ಯಾಶ್‌ಕ್ಯಾಮ್ ಇದೆ.