ಅಡಾಪ್ಟರ್ ಹಾಕಿದ ಮೇಲೂ ಆಯಿಲ್ ತಣಿಯುತ್ತಿಲ್ಲ, ಜೊತೆಗೆ ಪ್ಲೇಟಿನ ಬುಡದಲ್ಲಿ ಜಿನುಗು

ಕಾದ_ಸಿಂಗಲ್

ಗಾಡಿ ಗಾಳಿಯಿಂದ ತಣಿಯುವ ಸಿಂಗಲ್ ಸಿಲಿಂಡರ್. ತಿರುಗಿಸಿ ಕೂರಿಸುವ ಡಬ್ಬಿ ಫಿಲ್ಟರ್, ಎಂಜಿನ್‌ನಲ್ಲಿ ಅದು ತಿರುಗಿ ಕೂರುವ ಥ್ರೆಡ್ ಕೊಳವೆ, ಅಂದರೆ ನಿಪ್ಪಲ್, ಎಂ20×1.5 (ವ್ಯಾಸ 20 ಮಿ.ಮೀ., ಪಿಚ್ ಅಂದರೆ ಸುತ್ತಿನಿಂದ ಸುತ್ತಿಗೆ 1.5). ಫಿಲ್ಟರ್ ಮತ್ತು ಎಂಜಿನ್ ನಡುವೆ ಕೂರುವ ಅಡಾಪ್ಟರನ್ನು, ಅಂದರೆ ಸ್ಯಾಂಡ್‌ವಿಚ್ ಪ್ಲೇಟನ್ನು, ಲೇತ್‌ನಲ್ಲಿ ಮಾಡಿಸಿ 7 ಸಾಲಿನ ಆಯಿಲ್ ಕೂಲರ್ ಜೋಡಿಸಿದ್ದೇನೆ. ಥರ್ಮೋಸ್ಟಾಟ್ ಇಲ್ಲ.

ಪ್ಲೇಟ್: 6061 ಅಲ್ಯೂಮಿನಿಯಂ, ದಪ್ಪ 28 ಮಿ.ಮೀ., ನಡುವಿನ ತೂತು 26.5.
ಸೆಂಟರ್ ಬೋಲ್ಟ್: ಉಕ್ಕು, ಮೈ ವ್ಯಾಸ 26, ತಲೆಯ ಕೆಳಗಿನ ಉದ್ದ 27, ಒಳಥ್ರೆಡ್ ಆಳ 14 (ತೂತಿನ ತಳದವರೆಗೆ ಥ್ರೆಡ್ ಕಡಿಯುವ ಬಾಟಮಿಂಗ್ ಟ್ಯಾಪ್ ಓಡಿಸಿದೆ), ಎಣ್ಣೆ ತೂತು 12. ತಲೆಯ ಕೆಳಗೆ ವಾಷರ್ ಇಲ್ಲ.
ಎಂಜಿನ್ ನಿಪ್ಪಲ್ ಮುಖದಿಂದ 15 ಮಿ.ಮೀ. ಹೊರಗಿದೆ.
ಪ್ಲೇಟ್ ಮತ್ತು ಎಂಜಿನ್ ನಡುವಿನ ಓ-ರಿಂಗ್ 2.62 ದಪ್ಪದ ನೈಟ್ರೈಲ್ ರಬ್ಬರ್, ಅದು ಕೂರುವ ತೋಡಿನ ಆಳ 2.4.
ಪೈಪ್ ಜೋಡಿಸುವ ಪೋರ್ಟ್‌ಗಳು ಎಂ12×1.5, ಬ್ಯಾಂಜೊ ಬೋಲ್ಟ್‌ನ (ಎಣ್ಣೆ ಒಳಗಿಂದಲೇ ಹರಿಯುವ ಟೊಳ್ಳು ಬೋಲ್ಟ್) ಒಳತೂತು 6. ಪೈಪ್ ಒಳವ್ಯಾಸ 8, ತಲಾ 700 ಉದ್ದ.

ತೊಂದರೆ ಎರಡು. ಸಂಪ್‌ನಲ್ಲಿ (ಎಂಜಿನ್ ತಳದ ಎಣ್ಣೆ ತೊಟ್ಟಿ) 126 ಡಿಗ್ರಿ, ಮೊದಲೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಆದರೆ ಕೂಲರ್ ಒಳಬಾಯಿ 92, ಹೊರಬಾಯಿ 48 ತೋರಿಸುತ್ತಿದೆ (ಕಪ್ಪು ಟೇಪ್ ಅಂಟಿಸಿ ಅಳೆದದ್ದು). 44 ಡಿಗ್ರಿ ಇಳಿಸುವ ಕೂಲರ್ ಇದ್ದೂ ಸಂಪ್ ಯಾಕೆ ತಣಿಯುವುದಿಲ್ಲ? ಎರಡನೆಯದು, ಬೆಳಗ್ಗೆ ತಣ್ಣಗಿನ ಎಂಜಿನ್ ಚಾಲೂ ಮಾಡಿ ಆಕ್ಸಿಲರೇಟರ್ ಕೊಟ್ಟರೆ ಪ್ಲೇಟ್ ಮತ್ತು ಎಂಜಿನ್ ನಡುವೆ ಎಣ್ಣೆ ಜಿನುಗುತ್ತದೆ. ಕಾದ ಮೇಲೆ ನಿಲ್ಲುತ್ತದೆ.

ತೈಲದಾರಿ

44 ಡಿಗ್ರಿ ಇಳಿಕೆ ಕೂಲರ್‌ನ ಸಾಮರ್ಥ್ಯ ಅಲ್ಲ, ಅದೇ ಕಾಯಿಲೆಯ ಗುರುತು. ನಿಮಿಷಕ್ಕೆ 5 ಲೀಟರ್ ಎಣ್ಣೆ ಹರಿದು 44 ಡಿಗ್ರಿ ಇಳಿದಿದ್ದರೆ ಕೂಲರ್ ಸುಮಾರು 6.5 ಕಿಲೋವ್ಯಾಟ್ ಶಾಖ ಹೊರಹಾಕಿದಂತೆ (ಸಾಂದ್ರತೆ 0.85, ವಿಶಿಷ್ಟ ಶಾಖ 2.1 ಹಿಡಿದು). 7 ಸಾಲಿನ ಪುಟ್ಟ ಕೂಲರ್‌ನಿಂದ ಅದು ಆಗದು. ಅದು 1.5 ಕಿಲೋವ್ಯಾಟ್ ತಣಿಸುತ್ತಿದೆ ಎಂದುಕೊಂಡರೆ ಹರಿವು ನಿಮಿಷಕ್ಕೆ 1.1 ಲೀಟರ್ ಮಾತ್ರ. ಎಣ್ಣೆ ಕೂಲರ್‌ನಲ್ಲಿ ತೆವಳುತ್ತಿದೆ, ಅದಕ್ಕೇ ಅಷ್ಟು ತಣ್ಣಗಾಗಿ ಬರುತ್ತಿದೆ. ಸಂಪ್ 126 ಇದ್ದು ಒಳಬಾಯಿಯಲ್ಲಿ 92 ಇರುವುದೂ ಅದಕ್ಕೇ. ಬರುವ ಪೈಪಿನಲ್ಲೇ 34 ಡಿಗ್ರಿ ಕಳೆದುಹೋಗಿದೆ.

ಉಳಿದ ಎಣ್ಣೆ ಎಲ್ಲಿ ಹೋಗುತ್ತಿದೆ? ಸ್ಯಾಂಡ್‌ವಿಚ್ ಪ್ಲೇಟಿನಲ್ಲಿ ಎರಡು ಕೋಣೆ ಇರಬೇಕು. ಎಂಜಿನ್ ಕಡೆಯದು ಪಂಪಿನ ಎಣ್ಣೆ ಪಡೆದು ಕೂಲರ್‌ಗೆ ಕಳಿಸುತ್ತದೆ, ಫಿಲ್ಟರ್ ಕಡೆಯದು ಕೂಲರ್‌ನಿಂದ ಮರಳಿದ್ದನ್ನು ಫಿಲ್ಟರ್‌ಗೆ ಕೊಡುತ್ತದೆ. ಎರಡರ ನಡುವೆ ಇರುವ ಏಕೈಕ ಬಾಗಿಲು ಸೆಂಟರ್ ಬೋಲ್ಟ್‌ನ ಸುತ್ತಲಿನ ಸಂದಿ, ಅದನ್ನು ಮುಚ್ಚುವುದು ಬೋಲ್ಟ್‌ನ ತಲೆ. ನಿಮ್ಮ 26.5 ತೂತಿನಲ್ಲಿ 26ರ ಬೋಲ್ಟ್ ಇದ್ದರೆ ಸಂದಿಯ ವಿಸ್ತೀರ್ಣ 20.6 ಚದರ ಮಿ.ಮೀ. ಬ್ಯಾಂಜೊದ 6 ಮಿ.ಮೀ. ತೂತು 28.3. ಒಂದು ದಾರಿಯಲ್ಲಿ ನಾಲ್ಕು ಬ್ಯಾಂಜೊ ತಿರುವು, ಒಂದೂವರೆ ಮೀಟರ್ ಪೈಪು, ಕೂಲರ್‌ನ ಸಣ್ಣ ನಾಳಗಳು. ಇನ್ನೊಂದು ದಾರಿಯ ಉದ್ದ ಮೂರು ಸೆಂಟಿಮೀಟರೂ ಇಲ್ಲ. ತಲೆ ಸರಿಯಾಗಿ ಕೂತಿಲ್ಲದಿದ್ದರೆ ಎಣ್ಣೆ ಎತ್ತ ಓಡುತ್ತದೆ ಎಂದು ಕೇಳಬೇಕಾಗಿಲ್ಲ.

ಹಾಗೆ ಹೋದ ಎಣ್ಣೆಯೂ ಫಿಲ್ಟರ್ ಮೂಲಕವೇ ಎಂಜಿನ್ ಸೇರುತ್ತದೆ, ಆದ್ದರಿಂದ ಬೇರಿಂಗ್‌ಗೆ ಅಪಾಯ ಇಲ್ಲ.

ಪ್ಲೇಟ್ ಬಿಚ್ಚದೇ ಖಚಿತಪಡಿಸಿಕೊಳ್ಳಿ. ಕೂಲರ್‌ನಿಂದ ಮರಳುವ ಪೈಪನ್ನು ಪ್ಲೇಟಿನ ಕಡೆ ಕಳಚಿ ಬಾಟಲಿಗೆ ಬಿಡಿ. ಪ್ಲೇಟಿನ ಖಾಲಿ ಪೋರ್ಟಿನ ಕೆಳಗೆ ಇನ್ನೊಂದು ಪಾತ್ರೆ ಇಡಿ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಅದರ ಲೋಹದ ಮೈಯನ್ನು ಎಂಜಿನ್‌ಗೆ ತಾಗಿಸಿ, ತೂತಿನಿಂದ ದೂರ ಇಡಿ. ಸ್ಟಾರ್ಟರ್ ಮಾತ್ರ 5 ಸೆಕೆಂಡಿನಂತೆ ಎರಡು ಬಾರಿ ತಿರುಗಿಸಿ. ಎಂಜಿನ್ ಚಾಲೂ ಮಾಡಲೇಬೇಡಿ, ಪೋರ್ಟ್ ತೆರೆದಿರುವಾಗ ಎಣ್ಣೆ ಬೇರಿಂಗ್‌ಗೆ ಹೋಗುವುದಿಲ್ಲ. ಪ್ಲೇಟ್ ಸರಿ ಇದ್ದರೆ ಎಣ್ಣೆ ಪೈಪಿನಿಂದ ಬರುತ್ತದೆ, ಪೋರ್ಟಿನಿಂದ ಹಳೆಯದು ನಾಲ್ಕು ಹನಿ ತೊಟ್ಟಿಕ್ಕಬಹುದು ಅಷ್ಟೆ. ಪೋರ್ಟಿನಿಂದ ಧಾರೆ ಬಂದರೆ ಒಳಸೋರಿಕೆ ಸಾಬೀತು.

ಲೇತ್_ಮೇಜು

ಎರಡೂ ತೊಂದರೆಗೆ ಕಾರಣ ಒಂದೇ, ಅದು ನೀವು ಕೊಟ್ಟ ಅಳತೆಯಲ್ಲೇ ಇದೆ. ಪ್ಲೇಟ್ 28, ಬೋಲ್ಟ್‌ನ ಮೈ 27. ತಲೆ ಪ್ಲೇಟಿಗೆ ತಾಗಿದಾಗ ಬೋಲ್ಟ್‌ನ ತುದಿ ಎಂಜಿನ್ ಮುಖದಿಂದ 1 ಮಿ.ಮೀ. ಮೇಲಿರುತ್ತದೆ. ನಿಪ್ಪಲ್ 15, ಅಂದರೆ 14 ಮಿ.ಮೀ. ಬೋಲ್ಟ್ ಒಳಗೆ ಹೋಗಬೇಕು. ನಿಮ್ಮ ಥ್ರೆಡ್ ಆಳವೂ 14. ಕಾಗದದ ಮೇಲೇ ಉಳಿಕೆ ಸೊನ್ನೆ. ಬಾಟಮಿಂಗ್ ಟ್ಯಾಪ್ ಕೂಡ ಕೊನೆಯ ಒಂದು ಸುತ್ತನ್ನು ಪೂರ್ತಿ ಕಡಿಯುವುದಿಲ್ಲ. ಹಾಗಾಗಿ ಬೋಲ್ಟ್ ನಿಪ್ಪಲ್ ಮೇಲೆ ತಳ ಕಚ್ಚಿ ಬಿಗಿಯಾಗಿದೆ, ಪ್ಲೇಟ್ ಮೇಲೆ ಅಲ್ಲ. ಕೈಗೆ ಬಿಗಿ ಸಿಗುತ್ತದೆ, ಟಾರ್ಕ್ ರೆಂಚೂ ಕ್ಲಿಕ್ ಅನ್ನುತ್ತದೆ, ಪ್ಲೇಟಿಗೆ ಮಾತ್ರ ಹಿಡಿತ ಇಲ್ಲ. ಕೆಳಗೆ ಓ-ರಿಂಗ್, ಮೇಲೆ ಫಿಲ್ಟರ್ ಗ್ಯಾಸ್ಕೆಟ್, ಈ ಎರಡು ರಬ್ಬರಿನ ನಡುವೆ ಅದು ತೇಲುತ್ತಿದೆ.

ಚಳಿಯಲ್ಲಿ ಜಿನುಗುವುದೂ ಇದರಿಂದಲೇ. ತಣ್ಣಗಿನ ದಪ್ಪ ಎಣ್ಣೆ ಕೂಲರ್ ದಾರಿಯಲ್ಲಿ 2 ಬಾರ್ ಒತ್ತಡ ಕಳೆದುಕೊಂಡರೆ ಪ್ಲೇಟಿನ ಎಂಜಿನ್ ಕಡೆಗೆ ಅಷ್ಟು ಹೆಚ್ಚು ಒತ್ತಡ. ಓ-ರಿಂಗ್ ವ್ಯಾಸ 60 ಮಿ.ಮೀ. ಎಂದು ಹಿಡಿದರೆ ಪ್ಲೇಟನ್ನು ಎಂಜಿನ್‌ನಿಂದ ಎತ್ತುವ ಬಲ 565 ನ್ಯೂಟನ್, ಸುಮಾರು 58 ಕೆ.ಜಿ. ಭಾರ. ಎಣ್ಣೆ ಕಾದು ತೆಳುವಾದಾಗ ಆ ಬಲ ಇಳಿಯುತ್ತದೆ, ಜಿನುಗು ನಿಲ್ಲುತ್ತದೆ.

ನೋಡುವ ಬಗೆ: ಫಿಲ್ಟರ್ ಬಿಚ್ಚಿ, ಬೋಲ್ಟ್ ಬಿಗಿ ಇರುವಾಗಲೇ ತಲೆಯ ಕೆಳಗೆ 0.05ರ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಲೋಹದ ಎಲೆ) ತುರುಕಿ. ಹೋಗಲೇಬಾರದು.

ಓ-ರಿಂಗ್ ತೋಡೂ ಆಳವಾಯಿತು. 2.4 ಆಳದಲ್ಲಿ 2.62ರ ರಿಂಗ್ ಬರೀ 8 ಶೇಕಡಾ ಅದುಮಲ್ಪಡುತ್ತದೆ. 2.0 ಇದ್ದರೆ ಸುಮಾರು 24 ಶೇಕಡಾ. ಮುಖವನ್ನು 0.4 ಸವೆಸಿದರೆ ಆಳ ಸರಿಹೋಗುತ್ತದೆ, ಪ್ಲೇಟ್ 27.6 ಆಗುತ್ತದೆ. ಆ 0.4 ಅನ್ನು ಬೋಲ್ಟ್ ಲೆಕ್ಕದಲ್ಲಿ ಮರೆಯಬೇಡಿ, ನಿಪ್ಪಲ್ ಇನ್ನೂ ಅಷ್ಟು ಒಳಗೆ ಬರುತ್ತದೆ. ನೈಟ್ರೈಲ್ ಬದಲು ವೈಟಾನ್ ರಬ್ಬರಿನದು ಹಾಕಿ, 126 ಡಿಗ್ರಿಯಲ್ಲಿ ನೈಟ್ರೈಲ್ ಬೇಗ ಗಟ್ಟಿಯಾಗುತ್ತದೆ. ಇಪಿಡಿಎಂ ಎಂಬ ರಬ್ಬರಿನ ರಿಂಗ್ ಬೇಡವೇ ಬೇಡ, ಎಂಜಿನ್ ಎಣ್ಣೆಯಲ್ಲಿ ಉಬ್ಬಿಹೋಗುತ್ತದೆ. ಮುಖ ಸವೆಸಿದ ಮೇಲೆ ಉಳಿಯ ಗೆರೆಗಳು ವೃತ್ತಾಕಾರವಾಗಿಯೇ ಇರಲಿ. ನಡುವಿನಿಂದ ಹೊರಕ್ಕೆ ಎಳೆದ ಒಂದು ಗೀರು ಇದ್ದರೂ ಎಣ್ಣೆಗೆ ಅದೇ ಕಾಲುವೆ.

ಕಾದ_ಸಿಂಗಲ್

ಪರೀಕ್ಷೆ ಎರಡೂ ಆಯಿತು. ಸ್ಟಾರ್ಟರ್ ತಿರುಗಿಸಿದಾಗ ಪ್ಲೇಟಿನ ಪೋರ್ಟಿನಿಂದಲೇ ಧಾರೆ, ಪೈಪಿನಿಂದ ಹನಿ. ತಲೆಯ ಕೆಳಗೆ 0.35ರ ಎಲೆ ಸಲೀಸಾಗಿ ಹೋಯಿತು. 1.5 ಮಿ.ಮೀ. ತಾಮ್ರದ ವಾಷರ್ ಹಾಕಿಬಿಟ್ಟರೆ ಸಾಕಲ್ಲವೇ? ತಲೆ ಮೇಲೇರುತ್ತದೆ, ಸೀಲೂ ಆಗುತ್ತದೆ.

ತೈಲದಾರಿ

ಲೆಕ್ಕ ಸರಿ. ಮುಖ ಸವೆಸಿದ ಮೇಲೂ ನಿಪ್ಪಲ್ 12.9 ಒಳಗೆ ಹೋದರೆ ಸಾಕಾಗುತ್ತದೆ, 8 ಸುತ್ತಿಗಿಂತ ಹೆಚ್ಚು ಹಿಡಿತ. ಆದರೆ ತಲೆ 1.5 ಮೇಲೆದ್ದರೆ ಅದು ಫಿಲ್ಟರ್‌ನ ತಳದ ತಗಡಿಗೆ ತಾಗಬಹುದು. ಆಗ ಗ್ಯಾಸ್ಕೆಟ್ ಅದುಮುವ ಮೊದಲೇ ಫಿಲ್ಟರ್ ನಿಂತುಬಿಡುತ್ತದೆ, ಓಡುವಾಗ ಎಣ್ಣೆಯೆಲ್ಲ ಹಿಂದಿನ ಚಕ್ರಕ್ಕೆ. ಇದು ಈಗಿನ ಜಿನುಗಿಗಿಂತ ಎಷ್ಟೋ ಪಾಲು ಅಪಾಯ. ತಲೆಯ ಮೇಲೆ ಮಕ್ಕಳಾಡುವ ಕ್ಲೇ ಮೂರು ಉಂಡೆ ಅಂಟಿಸಿ, ಫಿಲ್ಟರ್ ಪೂರ್ತಿ ಬಿಗಿಸಿ ಬಿಚ್ಚಿ, ಉಂಡೆಯ ದಪ್ಪ ಅಳೆಯಿರಿ. 1 ಮಿ.ಮೀ.ಗಿಂತ ಕಡಿಮೆ ಇದ್ದರೆ ವಾಷರ್ ದಾರಿ ಬಿಡಿ. ಫಿಲ್ಟರ್ ತಳದ ಸಣ್ಣ ತೂತುಗಳಿಗೆ ಬೋಲ್ಟ್ ತಲೆ ಅಡ್ಡ ಬರುತ್ತದೆಯೇ ಎಂಬುದೂ ಕ್ಲೇ ಅಚ್ಚಿನಲ್ಲಿ ಕಾಣುತ್ತದೆ. ಎಣ್ಣೆ ಒಳಹೋಗುವುದು ಅವುಗಳಿಂದಲೇ.

ಲೇತ್_ಮೇಜು

ಬೋಲ್ಟ್ ಹೇಗೂ ಕೈಯಲ್ಲಿದೆ, ಒಳಥ್ರೆಡ್ಡನ್ನೇ 18ಕ್ಕೆ ಇಳಿಸುವುದು ಒಳ್ಳೆಯದು. 18.5ರ ತೂತು ಇಳಿಸಿ, ತಳದಲ್ಲಿ 20.5 ವ್ಯಾಸದ 3 ಮಿ.ಮೀ. ಅಗಲದ ಬಿಡುವು ಕೊಡಿ. ಟ್ಯಾಪ್ ಅಲ್ಲಿಗೆ ಬಂದು ನಿಲ್ಲುತ್ತದೆ, ಅರೆಬರೆ ಥ್ರೆಡ್ ಉಳಿಯುವುದಿಲ್ಲ. ಮೈ ಗೋಡೆ 2.75 ಉಳಿಯುತ್ತದೆ, ಸಾಕು. ಆಮೇಲೆ ವಾಷರ್ ಮುಳುಗುವಷ್ಟು, 1.5 ಆಳದ ಕುಳಿಯನ್ನು ಪ್ಲೇಟಿನಲ್ಲಿ ತೆಗೆದರೆ ತಲೆ ಈಗಿರುವ ಎತ್ತರದಲ್ಲೇ ಕೂರುತ್ತದೆ. ಆದರೆ ಆಗ ಮೈಯ ತುದಿಗೂ ಎಂಜಿನ್‌ಗೂ 0.6 ಮಾತ್ರ ಉಳಿಯುತ್ತದೆ, ತುದಿಯಿಂದ 1 ಮಿ.ಮೀ. ಕತ್ತರಿಸಿ. ಎಂಜಿನ್ ನಿಪ್ಪಲ್ ಮಾತ್ರ ಕತ್ತರಿಸಬೇಡಿ. ತಾಮ್ರದ ವಾಷರನ್ನು ಕೆಂಪಗೆ ಕಾಯಿಸಿ ತಣಿಸಿ ಮೆದು ಮಾಡಿ ಹಾಕಿ.

ನಿಪ್ಪಲ್ ಮೇಲೆ ಹೆಚ್ಚು ಶಾಖ ತಾಳುವ ಥ್ರೆಡ್‌ಲಾಕರ್ (ಥ್ರೆಡ್ ಸಡಿಲವಾಗದಂತೆ ಹಿಡಿಯುವ ಅಂಟು) ಎರಡು ಹನಿ. ಇಲ್ಲದಿದ್ದರೆ ಮುಂದಿನ ಸಲ ಫಿಲ್ಟರ್ ಬಿಚ್ಚುವಾಗ ಅದರ ಜೊತೆ ಬೋಲ್ಟೂ ಸಡಿಲವಾಗಿ ಬರುತ್ತದೆ.

ಸುತ್ತುಪಟ್ಟಿ

ಪ್ಲೇಟ್ ಮತ್ತೆ ಲೇತ್‌ಗೆ ಹೋಗುವುದಾದರೆ ಪೋರ್ಟ್‌ಗಳನ್ನು ಎಂ14×1.5 ಮಾಡಿಸಿ, ಒಳತೂತು 8ರ ಬ್ಯಾಂಜೊ ಹಾಕಿ. 28.3 ಇದ್ದ ದಾರಿ 50.3 ಆಗುತ್ತದೆ. ಈಗ ಸಂದಿಯಲ್ಲಿ ಓಡುವ ಎಣ್ಣೆಯೆಲ್ಲ ಇನ್ನು ಈ ತೂತುಗಳಲ್ಲೇ ಹೋಗಬೇಕು. ಪ್ಲೇಟಿನ ಮೈ ಗುಂಡಗಿರುವುದರಿಂದ ಪೋರ್ಟಿನ ಸುತ್ತ 22 ಮಿ.ಮೀ. ಚಪ್ಪಟೆ ಮುಖ ಬೇಕು, ಇಲ್ಲವಾದರೆ ವಾಷರ್ ಎರಡು ಕಡೆ ಮಾತ್ರ ಕೂರುತ್ತದೆ.

ಒಂದು ಎಚ್ಚರಿಕೆ. ಕೂಲರ್ ಬಾಯಿ ಇಂಚಿನ ಅಳತೆಯ ಎಎನ್-6 ಫಿಟ್ಟಿಂಗಿನದೂ ಇರಬಹುದು. ಅದರ ಥ್ರೆಡ್ 9/16 ಇಂಚು, ಇಂಚಿಗೆ 18 ಸುತ್ತು. ಮಿಲಿಮೀಟರ್‌ನಲ್ಲಿ 14.29 ವ್ಯಾಸ, 1.41 ಪಿಚ್. ಆ ಬಾಯಿಗೆ ಎಂ14×1.5 ಬೋಲ್ಟ್ ಕೆಲವು ಸುತ್ತು ಸಡಿಲವಾಗಿ ಹೋಗಿ ಆಮೇಲೆ ಬಿಗಿಯುತ್ತದೆ, ಸರಿಹೊಂದಿತು ಅನ್ನಿಸುತ್ತದೆ, ಥ್ರೆಡ್ ಹಾಳಾಗುತ್ತದೆ. ಕೂಲರ್ ಬಾಯಿಯನ್ನು ಪಿಚ್ ಗೇಜ್ ಇಟ್ಟು ನೋಡಿ. ಟೆಫ್ಲಾನ್ ಟೇಪ್ ಎಲ್ಲೂ ಸುತ್ತಬೇಡಿ. ಅದರ ಎಳೆ ಹರಿದು ಆಯಿಲ್ ಜೆಟ್‌ನಲ್ಲಿ ಸಿಕ್ಕಿದರೆ ಕ್ಯಾಮ್ ಒಣಗುತ್ತದೆ.

ಕಾದ_ಸಿಂಗಲ್

ಥ್ರೆಡ್ 18, ಕುಳಿ ಸಹಿತ ತಾಮ್ರದ ವಾಷರ್, ತೋಡು 2.0, ವೈಟಾನ್ ರಿಂಗ್, ಎಂ14 ಪೋರ್ಟ್. ಕ್ಲೇ 1.8 ಮಿ.ಮೀ. ಉಳಿಯಿತು. ಅದೇ ದಾರಿ, ಅದೇ ವೇಗ: ಸಂಪ್ 107, ಕೂಲರ್ ಒಳಬಾಯಿ 104, ಹೊರಬಾಯಿ 92. ಮೂರು ಬೆಳಗಿನ ಚಾಲೂ ಆಯಿತು, ಬುಡ ಒಣಗಿದೆ.

ತೈಲದಾರಿ

12 ಡಿಗ್ರಿ ಇಳಿಕೆ, ಪೈಪಿನಲ್ಲಿ 3 ಡಿಗ್ರಿ ನಷ್ಟ. ಈಗ ಎಣ್ಣೆ ನಿಜಕ್ಕೂ ಹರಿಯುತ್ತಿದೆ. ಎಣ್ಣೆ ಮಟ್ಟ ಮತ್ತೆ ನೋಡಿ, ಪೈಪುಗಳಲ್ಲೇ 70 ಮಿ.ಲೀ. ನಿಲ್ಲುತ್ತದೆ, ಕೂಲರ್‌ನದು ಬೇರೆ. ಚಳಿಗಾಲದಲ್ಲಿ ಸಂಪ್ 80 ದಾಟದಿದ್ದರೆ ಕೂಲರ್‌ನ ಅರ್ಧ ಮುಖಕ್ಕೆ ತಗಡು ಮುಚ್ಚಿ, ಇಲ್ಲವೇ ಥರ್ಮೋಸ್ಟಾಟ್ ಹಾಕಿ. ತಣ್ಣಗಿನ ಎಣ್ಣೆಯಲ್ಲಿ ನೀರು, ಪೆಟ್ರೋಲ್ ಆವಿಯಾಗದೆ ಉಳಿದುಬಿಡುತ್ತವೆ.