ಪದಚರ್ಚೆ: ‘ರಿಫಾರ್ಮ್ಡ್ ಕ್ಯಾರಿಸ್ಮಾಟಿಕ್’ ಅನ್ನುವುದಕ್ಕೆ ಕನ್ನಡದಲ್ಲಿ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಒಂದು ಲೇಖನದ ಅನುವಾದಕ್ಕೆ ಕೈಹಾಕಿ ಸಿಕ್ಕಿಹಾಕಿಕೊಂಡಿದ್ದೇನೆ. ಜಾನ್ ಪೈಪರ್, ವೇಯ್ನ್ ಗ್ರೂಡೆಮ್, ಸ್ಯಾಮ್ ಸ್ಟಾರ್ಮ್ಸ್ ಇಂಥ ಅಮೆರಿಕದ ಕ್ರೈಸ್ತ ಬೋಧಕರ ಬಗ್ಗೆ ಅದು. ಇವರು ಹದಿನಾರನೇ ಶತಮಾನದ ಕ್ರೈಸ್ತ ಸುಧಾರಕ ಕ್ಯಾಲ್ವಿನನ ದಾರಿಯವರು. ಪಾಪದಿಂದ ರಕ್ಷಣೆ ಯಾರಿಗೆ ಅಂತ ದೇವರೇ ಆರಿಸಿದ್ದಾನೆ, ಅದರಲ್ಲಿ ಮನುಷ್ಯನ ಗಳಿಕೆ ಏನೂ ಇಲ್ಲ ಅನ್ನುವವರು. ಜೊತೆಗೆ ಅನ್ಯಭಾಷೆ ಆಡುವುದು (ಪ್ರಾರ್ಥನೆಯಲ್ಲಿ ತಾವು ಕಲಿಯದ ಭಾಷೆಯಲ್ಲಿ ಮಾತಾಡುವುದು), ಪ್ರವಾದನೆ (ದೇವರು ತಿಳಿಸಿದ್ದನ್ನು ಹೇಳುವುದು), ರೋಗ ವಾಸಿಮಾಡುವುದು, ದೇವರು ಕೊಡುವ ಇಂಥ ಶಕ್ತಿಗಳೆಲ್ಲ ಇವತ್ತಿಗೂ ಉಂಟು ಅಂತ ನಂಬುವವರು. ಈ ಜೋಡಿಗೇ ಇಂಗ್ಲಿಷಿನಲ್ಲಿ ‘ರಿಫಾರ್ಮ್ಡ್ ಕ್ಯಾರಿಸ್ಮಾಟಿಕ್’ ಅನ್ನುತ್ತಾರೆ.

ಮೊದಲು ಸುಮ್ನೆ ನಿಘಂಟು ನೋಡಿ ‘ಸುಧಾರಿತ ವರ್ಚಸ್ವಿಗಳು’ ಅಂತ ಬರೆದೆ. ನಮ್ಮ ಅತ್ತೆ ಓದಿ, “ಯಾರಪ್ಪ ಇವರು, ಮೊದಲು ಕುಡೀತಿದ್ರಾ?” ಅಂದರು. ತಪ್ಪು ನನ್ನದೇ. ಸುಧಾರಿತ ಅಂದರೆ ನಮಗೆ ಭತ್ತದ ತಳಿ, ಇಲ್ಲಾ ದಾರಿಗೆ ಬಂದ ಗಂಡ. ವರ್ಚಸ್ಸು ಅಂದರೆ ಚುನಾವಣೆ. ನಾಯಕರ ವರ್ಚಸ್ಸಿಗೆ ‘ಕ್ಯಾರಿಸ್ಮಾ’ ಅನ್ನುವ ರೂಢಿ ಮ್ಯಾಕ್ಸ್ ವೇಬರ್ ಅನ್ನುವ ಜರ್ಮನ್ ಸಮಾಜಶಾಸ್ತ್ರಜ್ಞನ ಬರಹಗಳಿಂದ ಹರಡಿದ್ದು. ಬೈಬಲ್ಲಿನ ಎಷ್ಟೋ ಪತ್ರಗಳನ್ನು ಬರೆದ ಪೌಲನ ಗ್ರೀಕಿನಲ್ಲಿ ‘ಖಾರಿಸ್ಮಾ’ ಅಂದರೆ ಪುಕ್ಕಟೆ ಸಿಕ್ಕ ಕೊಡುಗೆ, ಅಷ್ಟೇ.

ನಮ್ಮ ಕನ್ನಡ ಬೈಬಲ್ ಇದಕ್ಕೆ ‘ವರ’ ಅನ್ನುತ್ತದೆ. ಚೆಂದದ ಪದ, ಆದರೆ ಅದರ ಬೆನ್ನಿಗೆ ಭಸ್ಮಾಸುರ ನಿಂತಿದ್ದಾನೆ. ಪುರಾಣದಲ್ಲಿ ವರ ಅಂದರೆ ತಪಸ್ಸು ಮಾಡಿ ಗಳಿಸಿದ್ದು. ‘ವೃ’ ಧಾತುವಿಗೆ ಆರಿಸು ಅಂತ ಅರ್ಥ. “ಬೇಕಾದ್ದನ್ನು ಕೇಳು” ಅಂದಾಗ ಆರಿಸುವವನು ಭಕ್ತ. ಪೌಲ ಕೊರಿಂಥದವರಿಗೆ ಬರೆದ ಪತ್ರದಲ್ಲಿ ಇದು ಪೂರ್ತಿ ತಿರುಗುಮುರುಗು. ಪವಿತ್ರಾತ್ಮನೇ ತನ್ನ ಇಷ್ಟದಂತೆ ಹಂಚುತ್ತಾನೆ, ಪಡೆಯುವವನಿಗೆ ಆಯ್ಕೆ ಇಲ್ಲ. ಕ್ಯಾಲ್ವಿನನ ಕಡೆಯವರು ರಕ್ಷಣೆಯ ಬಗ್ಗೆ ಹೇಳುವ ಮಾತೂ ಇದೇ ಅಲ್ವಾ? ‘ಖಾರಿಸ್ಮಾ’ ಹುಟ್ಟಿದ್ದೇ ‘ಖಾರಿಸ್’ ಅಂದರೆ ಕೃಪೆ ಅನ್ನುವ ಮಾತಿನಿಂದ. ಅದಕ್ಕೇ ನನ್ನ ಒಲವು ‘ಕೃಪಾವರ’ದ ಕಡೆಗೆ. ಬರೀ ‘ವರ’ ಬಿಟ್ಟರೆ ಈ ನಂಟು ಕಳೆದುಹೋಗುತ್ತದೆ. ಪೌಲ ರೋಮಾಪುರದವರಿಗೆ ಬರೆದ ಪತ್ರದಲ್ಲಿ, ಪಾಪದ ಸಂಬಳ ಮರಣ ಅನ್ನುವಲ್ಲಿ, ಇದೇ ಗ್ರೀಕ್ ಪದಕ್ಕೆ ‘ಉಚಿತಾರ್ಥ ವರ’ ಅಂತಿದೆ. ಹಳಬರಿಗೂ ಬರೀ ವರ ಸಾಲದು ಅನ್ನಿಸಿರಬೇಕು.

ಎದುರು ಪಕ್ಷದ ಹೆಸರು ಇನ್ನೂ ಕಷ್ಟ. ಈ ವರಗಳು ಅಪೊಸ್ತಲರ, ಅಂದರೆ ಯೇಸುವಿನ ಸಂದೇಶ ಸಾರಿದ ಮೊದಲ ತಲೆಮಾರಿನವರ, ಕಾಲಕ್ಕೇ ಮುಗಿದವು ಅನ್ನುವವರು ಅವರು. ಇಂಗ್ಲಿಷಿನಲ್ಲಿ ‘ಸೆಸೇಷನಿಸ್ಟ್’. ಅಮೆರಿಕದ ಪ್ರಿನ್ಸ್‌ಟನ್ನಿನ ದೇವತಾಶಾಸ್ತ್ರಜ್ಞ ವಾರ್‌ಫೀಲ್ಡ್ 1918ರ ಪುಸ್ತಕದಲ್ಲಿ ಹೀಗೇ ವಾದಿಸಿದ. 2013ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಪಾದ್ರಿ ಜಾನ್ ಮೆಕಾರ್ಥರ್ ಇದಕ್ಕೆಂದೇ ಒಂದು ಸಮ್ಮೇಳನ ನಡೆಸಿದರು. ಇವರನ್ನು ‘ನಿಲುಗಡೆವಾದಿ’ ಅಂದರೆ ಬಸ್ ಸ್ಟಾಪ್ ನೆನಪಾಗುತ್ತದೆ. ‘ವರ ನಿಂತಿತು ಅನ್ನುವವರು’, ‘ವರ ಉಂಟು ಅನ್ನುವವರು’ ಅಂತ ಬಿಡಿಸಿ ಬರೆದಿದ್ದೇನೆ. ಉದ್ದ ಆಯ್ತು, ಆದರೆ ಓದಿದ ಕೂಡಲೇ ತಿಳಿಯುತ್ತದೆ. ‘ರಿಫಾರ್ಮ್ಡ್’ ಅನ್ನುವುದಕ್ಕೆ ‘ಕ್ಯಾಲ್ವಿನ್ ಪಂಥದ’ ಸಾಕು.

‘ಪ್ರವಾದನೆ’ಯಲ್ಲೂ ಒಂದು ತೊಡಕಿದೆ. ಸಭೆಯಲ್ಲಿ ಯಾರಿಗೋ ದೇವರು ಥಟ್ಟನೆ ಮನಸ್ಸಿಗೆ ತಂದದ್ದನ್ನು ತಮ್ಮದೇ ಮಾತಿನಲ್ಲಿ ಹೇಳುವುದು, ತಪ್ಪೂ ಇರಬಹುದು, ಅದನ್ನು ತೂಗಿ ನೋಡಬೇಕು, ಬೈಬಲ್ ವಾಕ್ಯದ ಅಧಿಕಾರ ಅದಕ್ಕಿಲ್ಲ ಅನ್ನುವುದು ಗ್ರೂಡೆಮ್ ವಾದ. ಕ್ಯಾಲ್ವಿನ್ ಪಂಥದವರು ಬೈಬಲ್ಲಿಗೆ ಕೊಡುವ ಜಾಗ ಅಲುಗದೆ ಉಳಿಯುವುದು ಈ ಕೊನೆಯ ಮಾತಿನಿಂದಲೇ. ಕನ್ನಡದಲ್ಲಿ ಪ್ರವಾದನೆ ಅಂದ ಕೂಡಲೇ ಜನಕ್ಕೆ ಕಣಿ ಹೇಳೋದು ಕಣ್ಣಮುಂದೆ ಬರುತ್ತದೆ. ಬೇರೆ ಪದ ಹೊಳೆದಿಲ್ಲ.

ಕೊನೆಗೆ ಒಂದು ಪ್ರಶ್ನೆ. ಮೇಲೆ ಹೇಳಿದ ಅನ್ಯಭಾಷೆ ಆಡುವವನನ್ನು ಕನ್ನಡ ಬೈಬಲ್ ‘ವಾಣಿಯನ್ನಾಡುವವನು’ ಅನ್ನುತ್ತದೆ. ಇಂಥ ವರಗಳಿಗೆ ಒತ್ತು ಕೊಡುವ ಪೆಂತೆಕೊಸ್ತು ಸಭೆಗಳಲ್ಲಿ ಕೇಳುವುದು ಜಾಸ್ತಿ ‘ಅನ್ಯಭಾಷೆ’. ವಾಣಿ ಅಂದರೆ ನನಗೆ ರೇಡಿಯೊ ನೆನಪಾಗುತ್ತದೆ. ಅನ್ಯಭಾಷೆ ಅಂದರೆ ತಮಿಳೋ ತೆಲುಗೋ ಅಂದುಕೊಂಡಾರು. ನಿಮ್ಮ ಕಡೆ ಯಾವುದು ಓಡುತ್ತದೆ?