ಪದಚರ್ಚೆ: ‘ಥರ್ಮಲ್ ಥ್ರಾಟ್ಲಿಂಗ್’ಗೆ ಪದ ಬೇಕು, ಸಂಜೆ ಆರರೊಳಗೆ

ಮಾನ್ಯರೇ,

ಪಾಲಿಟೆಕ್ನಿಕ್ ಒಂದರ ಹಾರ್ಡ್‌ವೇರ್ ಪ್ರಯೋಗಾಲಯದ ಗೋಡೆಗೆ ಹಾಕುವ ಫಲಕವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸಂಜೆ ಆರಕ್ಕೆ ಮುದ್ರಣಕ್ಕೆ ಹೋಗಬೇಕು. ಬೆಂಚ್‌ಮಾರ್ಕ್ (ಯಂತ್ರದ ಸಾಮರ್ಥ್ಯಕ್ಕೆ ಅಂಕ ಕೊಡುವ ಪರೀಕ್ಷೆ) ನಡೆಸುವಾಗ ಪ್ರೊಸೆಸರಿನ ವೇಗವೋ ತಾಪವೋ ವಿಚಿತ್ರವಾಗಿ ಕಂಡರೆ ಏನು ನೋಡಬೇಕು ಎನ್ನುವುದು ವಿಷಯ. ಸಿಕ್ಕಿಕೊಂಡಿರುವುದು ಮೂರು ಕಡೆ.

‘ಪ್ರೊಸೆಸರ್ ಥ್ರಾಟಲ್ ಆಗುತ್ತಿದೆ’, ಅಂದರೆ ಬಿಸಿ ಏರಿ ವೇಗ ಇಳಿಸುತ್ತಿದೆ, ಎಂಬುದಕ್ಕೆ ಹಿಂದಿನ ಅನುವಾದಕರು ‘ಕತ್ತು ಹಿಸುಕುವಿಕೆ’ ಎಂದು ಬರೆದಿಟ್ಟಿದ್ದಾರೆ. ಅದನ್ನು ಗೋಡೆಗೆ ಹಾಕಿದರೆ ಪೊಲೀಸರು ಬರುತ್ತಾರೆ. ಪ್ರೊಸೆಸರಿನ ವೇಗ ಹೇಳುವ ‘ಕ್ಲಾಕ್ ಸ್ಪೀಡ್’ ಎಂಬುದನ್ನು ‘ಗಡಿಯಾರ ವೇಗ’ ಎನ್ನಬಹುದೇ? ಕೊನೆಯದಾಗಿ ತಾಪವೋ, ತಾಪಮಾನವೋ, ಉಷ್ಣತೆಯೋ?

ಧಾರವಾಡದಿಂದ:

ಕತ್ತು ಹಿಸುಕುವುದು ನಗುವ ಮಾತಲ್ಲ. ಇಂಗ್ಲಿಷಿನ ಆ ಪದದ ಬುಡದಲ್ಲಿರುವುದು ಗಂಟಲೇ. ಗಂಟಲು ಅದುಮುವುದು ಎಂಬ ಅರ್ಥದಿಂದ ಅದು ಉಗಿಯಂತ್ರದ ಕವಾಟಕ್ಕೆ ಬಂತು, ಅಲ್ಲಿಂದ ಕಾರಿಗೆ, ಕಾರಿನಿಂದ ಚಿಪ್ಪಿಗೆ. ಆದರೆ ಫಲಕಕ್ಕೆ ‘ಲಗಾಮು’ ಸಾಕು. ‘ತಾಪ ಏರಿದ್ದರಿಂದ ವೇಗಕ್ಕೆ ಲಗಾಮು ಬಿದ್ದಿದೆ’.

ಮೈಸೂರಿನಿಂದ:

ಲಗಾಮು ಪಾರಸಿ. ‘ಕಡಿವಾಣ’ ಇರುವಾಗ ಅದೇಕೆ? ತಮಿಳಿನ ಕಡಿವಾಳಂ, ಮಲಯಾಳದ ಕಡಿಞ್ಞಾಣ್ ಜೊತೆಗಿಟ್ಟು ನೋಡಿ. ಮನೆಯ ಮಾತು. ಚರ್ಚೆಗೆ ಇಲ್ಲಿ ಏನೂ ಉಳಿದಿಲ್ಲ.

ಬೆಂಗಳೂರಿನಿಂದ:

ಉಳಿದಿದೆ. ಲಗಾಮಾಗಲಿ ಕಡಿವಾಣವಾಗಲಿ, ಎಳೆಯುವವನು ಸವಾರ. ಇಲ್ಲಿ ಸವಾರನೇ ಇಲ್ಲ. ತಾಪ ಅಳೆಯುವ ಸಂವೇದಕ ಇರುವುದು ಚಿಪ್ಪಿನೊಳಗೇ. ಇಂಟೆಲ್‌ನ ಬಹಳಷ್ಟು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ 100 ಡಿಗ್ರಿ, ಎಎಂಡಿಯ ರೈಜೆನ್ 7000 ಸರಣಿಯ ಹೆಚ್ಚಿನವುಗಳಲ್ಲಿ 95 ಡಿಗ್ರಿ ಸೆಲ್ಸಿಯಸ್ ಮುಟ್ಟಿತೆಂದರೆ ಪ್ರೊಸೆಸರ್ ತಾನಾಗಿ ವೇಗ ಇಳಿಸುತ್ತದೆ. ಆದ್ದರಿಂದ ಕ್ರಿಯಾಪದದಲ್ಲಿ ‘ಕೊಳ್ಳು’ ಇರಲೇಬೇಕು: ಇಳಿಸಿಕೊಂಡಿದೆ. ಬರೀ ‘ಇಳಿದಿದೆ’ ಎಂದರೆ ಓದುವವನು ದಾರಿ ತಪ್ಪುತ್ತಾನೆ. ಕೆಲಸವಿಲ್ಲದ ಪ್ರೊಸೆಸರ್ ವಿದ್ಯುತ್ ಉಳಿಸಲು 800 ಮೆಗಾಹರ್ಟ್ಸ್‌ಗೂ ಇಳಿಯುವುದುಂಟು, ಅದು ರೋಗವಲ್ಲ. ಲ್ಯಾಪ್‌ಟಾಪಿನಲ್ಲಿ ತಾಪ 70 ಇದ್ದಾಗಲೂ ವಿದ್ಯುತ್ ಮಿತಿಯ ಕಾರಣಕ್ಕೆ ವೇಗ ಇಳಿಯಬಹುದು. ಹುಡುಗ ಫ್ಯಾನ್ ಬಿಚ್ಚಿ ಉಷ್ಣ ಸಾಗಿಸುವ ಪೇಸ್ಟ್ ಬಳಿಯಲು ಕೂರುವ ಮೊದಲು ಈ ಮೂರನ್ನೂ ಬೇರ್ಪಡಿಸಬೇಕಲ್ಲವೇ? ಕಾರಣ ಪದದಲ್ಲೇ ಕಾಣಬೇಕು. ‘ತಾಪಕಡಿತ’ ಎಂದುಬಿಡಬೇಡಿ, ತಾಪವನ್ನೇ ಕಡಿತ ಮಾಡಿದಂತಾಗುತ್ತದೆ. ‘ತಾಪದಿಂದ ವೇಗಕಡಿತ’ ಎನ್ನಿ.

ಮೈಸೂರಿನಿಂದ:

> ‘ತಾಪದಿಂದ ವೇಗಕಡಿತ’ ಎನ್ನಿ.

ಅರಿಸಮಾಸ. ಸಂಸ್ಕೃತದ ವೇಗಕ್ಕೆ ಕನ್ನಡದ ಕಡಿತವನ್ನು ಹೊಲಿದಿದ್ದೀರಿ. ಕೇಶಿರಾಜ ವಿನಾಯಿತಿ ಕೊಟ್ಟದ್ದು ಬಿರುದಾವಳಿಗೆ ಮತ್ತು ಪೂರ್ವಕವಿಗಳ ಪ್ರಯೋಗಕ್ಕೆ, ಪ್ರಯೋಗಾಲಯದ ಗೋಡೆಗಲ್ಲ. ಅಲ್ಲದೆ ‘ಕೊಳ್ಳು’ ಬೇಕೇಬೇಕೆಂದು ಅಷ್ಟು ಉದ್ದ ವಾದಿಸಿ, ಕೊನೆಗೆ ಕೊಟ್ಟದ್ದು ‘ಕೊಳ್ಳು’ ಇಲ್ಲದ ನಾಮಪದ.

ಬೆಂಗಳೂರಿನಿಂದ:

ನಾಮಪದ ತಲೆಬರಹಕ್ಕೆ, ಕ್ರಿಯಾಪದ ವಾಕ್ಯಕ್ಕೆ. ‘ವಿದ್ಯುತ್ ಕಡಿತ’ ದಿನವೂ ಪತ್ರಿಕೆಯಲ್ಲಿ ಬರುತ್ತದೆ. ಅದಕ್ಕೆ ಎಷ್ಟು ಪತ್ರ ಬರೆದಿದ್ದೀರಿ?

‘ಗಡಿಯಾರ ವೇಗ’ ಮಾತ್ರ ಬೇಡವೇ ಬೇಡ. 2013ರಲ್ಲಿ ವಿಂಡೋಸ್ 8ರಲ್ಲಿ ಒಂದು ದೋಷ ಬಯಲಾಯಿತು. ಕಂಪ್ಯೂಟರ್ ಚಾಲನೆಯಲ್ಲಿರುವಾಗಲೇ ಪ್ರೊಸೆಸರಿನ ವೇಗಕ್ಕೆ ಆಧಾರವಾದ ಬೇಸ್ ಕ್ಲಾಕ್ ಇಳಿಸಿದರೆ, ಹೊತ್ತು ತೋರಿಸುವ ಗಡಿಯಾರವೂ ಹಿಂದೆ ಬೀಳುತ್ತಿತ್ತು. ಯಂತ್ರದ ಲೆಕ್ಕದಲ್ಲಿ ಕಡಿಮೆ ಹೊತ್ತು ಕಳೆದಂತಾಗಿ ಬೆಂಚ್‌ಮಾರ್ಕ್ ಅಂಕ ಹಿಗ್ಗುತ್ತಿತ್ತು. ಇಂಥ ಅಂಕಗಳನ್ನು ದಾಖಲಿಸುವ ಜಾಲತಾಣ ಎಚ್‌ಡಬ್ಲ್ಯುಬಾಟ್ ಆ ಆಗಸ್ಟ್‌ನಲ್ಲಿ ವಿಂಡೋಸ್ 8ರ ಫಲಿತಾಂಶಗಳನ್ನೇ ಹೊರಗಿಟ್ಟಿತು. ಇದು ಫಲಕದಲ್ಲಿ ಇದ್ದೇ ಇರುತ್ತದೆ. ಈಗ ಬರೆಯಿರಿ: ‘ಗಡಿಯಾರ ವೇಗ ಇಳಿಸಿದಾಗ ಗಡಿಯಾರದ ವೇಗ ಇಳಿದು ಅಂಕ ಏರಿತು’. ಯಾರಿಗೆ ಅರ್ಥವಾಯಿತು? ಎರಡಕ್ಕೂ ಒಂದೇ ಪದವೆನ್ನುವುದು ಇಂಗ್ಲಿಷಿನ ಬಡತನ. ನಮ್ಮಲ್ಲಿ ಗಡಿಯಾರವೂ ಇದೆ, ಎರವಲು ಬಂದ ಕ್ಲಾಕೂ ಇದೆ. ಒಂದನ್ನು ಗೋಡೆಗೆ, ಇನ್ನೊಂದನ್ನು ಚಿಪ್ಪಿಗೆ ಬಿಡಿ.

ಮೈಸೂರಿನಿಂದ:

ಎರವಲನ್ನು ಸಿರಿವಂತಿಕೆ ಎನ್ನುವವರನ್ನು ಈಗ ನೋಡಿದೆ. ‘ಮಿಡಿತ’ ಎನ್ನಿ. 3 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 300 ಕೋಟಿ ಮಿಡಿತ. ಗಡಿಯಾರದೊಂದಿಗೆ ಗೊಂದಲವೂ ಇಲ್ಲ, ಇಂಗ್ಲಿಷಿನ ಹಂಗೂ ಇಲ್ಲ.

ಬೆಂಗಳೂರಿನಿಂದ:

ಮಿಡಿತ ಚೆನ್ನಾಗಿದೆ. ಪಾಠದಲ್ಲಿ ನಾನೂ ಬಳಸುತ್ತೇನೆ. ಆದರೆ ವಿದ್ಯಾರ್ಥಿಯ ಎದುರಿನ ಪರದೆಯಲ್ಲಿರುವುದು ‘ಕ್ಲಾಕ್’. ಫಲಕ ನೋಡಿ ಪರದೆ ನೋಡುವವನಿಗೆ ಎರಡೂ ಒಂದೇ ಎಂದು ಯಾರು ಹೇಳಿಕೊಡುತ್ತಾರೆ?

ಶಿವಮೊಗ್ಗದಿಂದ:

ಮೂರನೆಯ ಪ್ರಶ್ನೆಯನ್ನು ಎಲ್ಲರೂ ಮರೆತಿದ್ದೀರಿ. ಶಾಲೆಯ ಪುಸ್ತಕಗಳಲ್ಲಿ ಉಷ್ಣ ಬೇರೆ, ತಾಪ ಬೇರೆ. ಉಷ್ಣ ಶಕ್ತಿ, ತಾಪ ಅದರ ಮಟ್ಟ. ಉಷ್ಣತೆ ಎಂಬುದು ಎರಡೂ ಕಡೆ ಕಾಲಿಟ್ಟು ನಿಂತಿದೆ, ಬಿಡಿ. ಇನ್ನು ‘ಮಾನ’ ಎಂದರೆ ಅಳತೆ. ಪತ್ರಿಕೆಗಳು ‘ತಾಪಮಾನ ಏರಿತು’ ಎಂದು ಎಷ್ಟೇ ಬರೆಯಲಿ, ಏರುವುದು ತಾಪ. ನಿಮ್ಮ ವಿಷಯದಲ್ಲಿ ಈ ಭೇದ ಕೆಲಸಕ್ಕೆ ಬರುತ್ತದೆ. 2017ರಲ್ಲಿ ಬಂದ ರೈಜೆನ್ 1700ಎಕ್ಸ್ ಮತ್ತು 1800ಎಕ್ಸ್ ಪ್ರೊಸೆಸರ್‌ಗಳು ಫ್ಯಾನಿನ ನಿಯಂತ್ರಣಕ್ಕಾಗಿ ನಿಜಕ್ಕಿಂತ 20 ಡಿಗ್ರಿ ಹೆಚ್ಚು ವರದಿ ಮಾಡುತ್ತಿದ್ದವು. ಎಎಂಡಿಯೇ ಬೇಕೆಂದು ಸೇರಿಸಿದ್ದ ಅಂತರವದು. ಅದನ್ನು ಕಳೆಯದ ತಂತ್ರಾಂಶದಲ್ಲಿ ಚಿಪ್ಪಿನ ತಾಪ 60 ಇದ್ದರೆ ಕಾಣುವುದು 80. ಅಂದರೆ ತಾಪ 60, ತಾಪಮಾನ 80!

ಬೆಂಗಳೂರಿನಿಂದ:

ಸೊಗಸಾಗಿದೆ. ಆದರೆ ನಾಲ್ಕು ಜನ ಪಾಲಿಸುವ ಭೇದವನ್ನು ನಂಬಿ ಫಲಕ ಬರೆಯಲಾಗದು. ‘ನಿಜ ತಾಪ’, ‘ತೋರುವ ತಾಪ’ ಎಂದರೆ ಮುಗಿಯಿತು.

ಅನುವಾದಕ:

ಎಲ್ಲರಿಗೂ ಕೃತಜ್ಞತೆಗಳು. ಈಗಷ್ಟೇ ಕಳುಹಿಸಿದೆ. ತಲೆಬರಹ ‘ತಾಪದಿಂದ ವೇಗಕಡಿತ’; ಅದರ ಕೆಳಗೆ ‘ಮಿತಿ ಮುಟ್ಟಿದ ಪ್ರೊಸೆಸರ್ ತನ್ನ ವೇಗವನ್ನು ಇಳಿಸಿಕೊಳ್ಳುತ್ತದೆ’. ‘ಕ್ಲಾಕ್ ವೇಗ’ವನ್ನು ಉಳಿಸಿಕೊಂಡು, ಪಕ್ಕದಲ್ಲಿ ‘ಸೆಕೆಂಡಿಗೆ ಎಷ್ಟು ಮಿಡಿತ’ ಎಂಬ ವಿವರಣೆ ಕೊಟ್ಟಿದ್ದೇನೆ. ನಿಜ ತಾಪ, ತೋರುವ ತಾಪ ಎರಡೂ ಇವೆ. ಬೆಂಚ್‌ಮಾರ್ಕ್ ಇದ್ದಂತೆಯೇ ಇದೆ.

ಮೈಸೂರಿನಿಂದ:

ಇದ್ದಂತೆಯೇ? ಒರೆಗಲ್ಲು ಏನಾಯಿತು? ‘ಒರೆಗೆ ಹಚ್ಚು’ ಎಂಬ ಕ್ರಿಯಾಪದವೂ ಸಿದ್ಧವಿತ್ತು.

ಧಾರವಾಡದಿಂದ:

ಒರೆಗಲ್ಲು ಚಿನ್ನದ ಅಪ್ಪಟತನ ನೋಡುವುದಕ್ಕೆ. ಬೆಂಚ್‌ಮಾರ್ಕ್ ಭೂಮಾಪಕರು ಮಟ್ಟ ಅಳೆಯಲು ಕಲ್ಲಿನಲ್ಲಿ ಕೊರೆದ ಗುರುತು. ಕಲ್ಲು ಎರಡರಲ್ಲೂ ಇದೆ ಎಂದು ಅರ್ಥ ಒಂದಾಗುವುದಿಲ್ಲ. ‘ಮಟ್ಟಗಲ್ಲು’ ಎನ್ನಿ ಬೇಕಾದರೆ.

ಮೈಸೂರಿನಿಂದ:

ಲಗಾಮು ಸೂಚಿಸಿದವರಿಂದ ಕಲ್ಲಿನ ಪಾಠ ಬೇಡ.

ಅನುವಾದಕ:

ಫಲಕ ಮುದ್ರಣವಾಗಿದೆ. ಬೆಂಚ್‌ಮಾರ್ಕಿನ ಚರ್ಚೆಗೆ ದಯವಿಟ್ಟು ಬೇರೆ ಎಳೆ ತೆರೆಯಿರಿ.